ಡಿಸ್ಕ್ ಎಷ್ಟು ಅಗಲ ಅಂತ ಯಾರೂ ಕೇಳಲ್ಲ

ಪಿಡಿಎ ಅಂದರೆ ಆಯೋರ್ಟಾ (ಮಹಾಧಮನಿ) ಮತ್ತು ಪಲ್ಮನರಿ (ಶ್ವಾಸಕೋಶದ) ಧಮನಿಯ ನಡುವೆ, ಹುಟ್ಟಿದ ಮೇಲೂ ಮುಚ್ಚದೆ ಉಳಿದ ನಾಳ, ಡಕ್ಟ್. ಅದನ್ನು ಮುಚ್ಚುವ ಡಿವೈಸ್‌ಗಳ ಖರೀದಿ ಸಭೆಗೆ ಬರುವ ಪಟ್ಟಿಯಲ್ಲಿ ಎರಡೇ ಕಾಲಂ: ಬೆಲೆ, ಕ್ಲೋಷರ್ ರೇಟ್ (ಎಷ್ಟು ಸಲ ಪೂರ್ತಿ ಮುಚ್ಚುತ್ತೆ ಅನ್ನೋದು). ಮುಚ್ಚೋದೇನೋ ಎಲ್ಲವೂ ಮುಚ್ಚುತ್ತವೆ. ಮುಚ್ಚುವ ಭರದಲ್ಲಿ ಪಕ್ಕದ ಯಾವ ದಾರಿಗೆ ಅಡ್ಡ ನಿಲ್ಲುತ್ತವೆ ಅನ್ನೋದು ಪಟ್ಟಿಯಲ್ಲಿ ಇರೋದಿಲ್ಲ.

ಏಳು ಕೆಜಿಯ ಮಗು. ಎಕೋ ರಿಪೋರ್ಟ್‌ನಲ್ಲಿ ‘ಡಕ್ಟ್ 3.5 ಮಿ.ಮೀ.’ ಅಂತ ಬಿಟ್ಟರೆ ಮತ್ತೇನಿಲ್ಲ. ಲ್ಯಾಟರಲ್ ಆಂಜಿಯೋದಲ್ಲಿ (ಪಕ್ಕದಿಂದ ತೆಗೆದ ರಕ್ತನಾಳದ ಎಕ್ಸ್‌ರೇ) ನೋಡಿದರೆ ಟೈಪ್ ಸಿ. ಆಂಪುಲ್ಲಾ (ಆಯೋರ್ಟಾ ಕಡೆಯ ಅಗಲವಾದ ಬಾಯಿ) ಇಲ್ಲವೇ ಇಲ್ಲ, ಉದ್ದಕ್ಕೂ ಒಂದೇ ಅಗಲದ ಕೊಳವೆ. ಅತಿ ಕಿರಿದಾದ ಜಾಗಕ್ಕೆ ಎರಡು ಮಿ.ಮೀ. ಸೇರಿಸುವ ರೂಢಿಯಂತೆ ಅಣಬೆ ಆಕಾರದ 8/6 ಡಿವೈಸ್ (ಆಯೋರ್ಟಾ ಕಡೆ 8, ಪಲ್ಮನರಿ ಕಡೆ 6 ಮಿ.ಮೀ.) ತೆಗೆಸಿದೆ. ಆ ಲೆಕ್ಕ ಪಲ್ಮನರಿ ತುದಿಯದು. ಆಯೋರ್ಟಾ ಕಡೆಯ ಡಿಸ್ಕ್ 12 ಮಿ.ಮೀ., ಮಗುವಿನ ಡಿಸೆಂಡಿಂಗ್ (ಕೆಳಗಿಳಿಯುವ) ಆಯೋರ್ಟಾ 8. ಆಂಪುಲ್ಲಾ ಇದ್ದಿದ್ದರೆ ಡಿಸ್ಕ್ ಅದರೊಳಗೆ ಕೂರುತ್ತಿತ್ತು.

ಡಿವೈಸ್ ಅರಳಿತು, ಡಯಾಸ್ಟಾಲಿಕ್ (ಬಿಪಿಯ ಕೆಳಗಿನ ಅಂಕಿ) ಏರಿತು, ಎಲ್ಲರೂ ಉಸಿರುಬಿಟ್ಟರು. ಚೆಕ್ ಆಂಜಿಯೋದಲ್ಲಿ ಡಿಸ್ಕ್‌ನ ಅಂಚು ಆಯೋರ್ಟಾದೊಳಗೆ ಚಾಚಿತ್ತು. “ಕೇಬಲ್ ಎಳೆತಕ್ಕೆ ಓರೆಯಾಗಿದೆ, ಬಿಟ್ಟ ಮೇಲೆ ಸರಿಹೋಗುತ್ತೆ” ಅಂದೆ. ಡಿವೈಸ್ ಸಿಕ್ಕಿಸಿದ್ದ ಆ ಕೇಬಲ್ ಹಿಡಿದಿದ್ದ ಟೆಕ್ನಿಷಿಯನ್ ಮೆಲ್ಲಗೆ, “ಸರ್, ಎಳೆತ ಇರೋದು ಪಲ್ಮನರಿ ಕಡೆಗಲ್ವಾ? ಬಿಟ್ಟರೆ ಇನ್ನೂ ಒಳಗೇ ಬರುತ್ತೆ” ಅಂದ. ನಾನು ಏನೂ ಹೇಳಲಿಲ್ಲ. ಪಿಗ್‌ಟೈಲ್ ಕ್ಯಾಥೆಟರ್ ಹಿಂದಕ್ಕೆಳೆಯುತ್ತಾ ಆಯೋರ್ಟಾದ ಒತ್ತಡ ಅಳೆದೆವು: ಡಿಸ್ಕ್‌ನ ಆಚೆ-ಈಚೆ ಒತ್ತಡದ ವ್ಯತ್ಯಾಸ (ಗ್ರೇಡಿಯೆಂಟ್) 18, ಅಂದರೆ ರಕ್ತದ ದಾರಿಗೆ ಅಡ್ಡಿ. ಕೇಬಲ್ ಇನ್ನೂ ತಿರುಗಿಸಿ ಬಿಡಿಸಿರಲಿಲ್ಲ, ಅದೊಂದೇ ಪುಣ್ಯ. ಡಿವೈಸನ್ನು ಮತ್ತೆ ಶೀತ್‌ಗೆ (ಡಿವೈಸ್ ಸಾಗಿಸುವ ನಳಿಗೆ) ಎಳೆಯುವಾಗ ಮಗುವಿನ ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಮಟ್ಟ) ಇಳಿಯಿತು, ಅನಸ್ತೀಷಿಯಾ ಮೇಡಂ ನನ್ನ ಮುಖ ನೋಡಿದರು, ನಾನು ಪರದೆ ನೋಡಿದೆ. ಶೀತ್ ಒಂಚೂರು ಹಿಂದಕ್ಕೆ ತೆಗೆದ ಮೇಲೆ ಏರಿತು. ಕೊನೆಗೆ ಕೊಳವೆಯೊಳಗೇ ಕೂರುವ ವ್ಯಾಸ್ಕುಲರ್ ಪ್ಲಗ್ ಹಾಕಿದೆವು. ‘ಚಲಾವಣೆ ಇಲ್ಲ’ ಅಂತ ಸ್ಟೋರ್ಸ್‌ನವರು ವಾಪಸ್ ಕಳಿಸಬೇಕಿದ್ದ ಡಬ್ಬಿ ಅದು!

ಎಡಿಒ ಟೂ (ಎರಡೂ ತುದಿಗೆ ಡಿಸ್ಕ್ ಇರುವ ಇನ್ನೊಂದು ಡಿವೈಸ್) ಹಾಕಬಹುದಿತ್ತಲ್ಲ ಅಂತ ಆಮೇಲೆ ಒಬ್ಬರು ಕೇಳಿದರು. ಮೆತ್ತಗಿದೆ, ಸಣ್ಣ ಶೀತ್‌ನಲ್ಲಿ ಹೋಗುತ್ತೆ, ಎರಡೂ ಕಡೆಯಿಂದ ಹಾಕಬಹುದು, ನಿಜ. ಆದರೆ ಅದರ ಡಿಸ್ಕ್‌ಗಳು ನಡುವಿನ ಸೊಂಟಕ್ಕಿಂತ ಆರು ಮಿ.ಮೀ. ಅಗಲ. ಸೊಂಟ 4 ಇದ್ದರೆ ಡಿಸ್ಕ್ 10. ಮತ್ತದೇ ಕಥೆ. 2019ರಲ್ಲಿ ಅಮೆರಿಕದ ಔಷಧ-ಉಪಕರಣ ನಿಯಂತ್ರಕ ಎಫ್‌ಡಿಎ 700 ಗ್ರಾಂ ತೂಕದ ಶಿಶುಗಳಿಂದ ಹಿಡಿದು ಒಪ್ಪಿದ ಪಿಕೊಲೊ ಡಿವೈಸ್‌ನಲ್ಲಿ ಡಿಸ್ಕ್ ಸೊಂಟಕ್ಕಿಂತ ಸ್ವಲ್ಪವೇ ದೊಡ್ಡದು, ಡಕ್ಟ್ ಒಳಗೇ ಕೂರಿಸಬಹುದು. ಕಾಯಿಲ್ (ಸುರುಳಿ ತಂತಿ) ಅಗ್ಗ, ಆದರೆ ಎರಡೂವರೆ ಮಿ.ಮೀ. ದಾಟಿದ ಡಕ್ಟ್‌ಗೆ ನನಗೆ ಧೈರ್ಯ ಬರೋದಿಲ್ಲ.

ಡಕ್ಟ್‌ನ ಉದ್ದ, ಆಂಪುಲ್ಲಾ, ಆಯೋರ್ಟಾದ ಅಗಲ ಬರೆಯದ ಎಕೋ ರಿಪೋರ್ಟನ್ನು ಈಗ ವಾಪಸ್ ಕಳಿಸುತ್ತೇನೆ. ಎಕೋ ರೂಮಿನವರು ಗೊಣಗುತ್ತಾರೆ, ಗೊಣಗಲಿ.