ಲೈಬ್ರರಿ ಯಾರಿಗೆ 24 ಗಂಟೆ?

ನಾನು ಓದಿದ ಕಾಲೇಜಿನ ಮೇಡಂ ಫೋನ್ ಮಾಡಿ ಕಾಲೇಜ್ ಮ್ಯಾಗಜಿನ್‌ಗೆ ಏನಾದ್ರೂ ಬರ್ದು ಕಳ್ಸಪ್ಪ ಅಂದಾಗ ನಮ್ ಕ್ಲಾಸು, ಆನ್ಯುವಲ್ ಡೇ, ಕೊನೇ ಬೆಂಚು ಅಂತ ಏನಾದ್ರೂ ಬರೆಯೋಣ ಅಂದ್ಕೊಂಡಿದ್ದೆ. ಆದ್ರೆ ಮಾತಿನ ಮಧ್ಯ ಅವ್ರು, ಈ ವರ್ಷದಿಂದ ಕಾಲೇಜಲ್ಲಿ ಸ್ಟೂಡೆಂಟ್ ಕೌನ್ಸಿಲ್‌ಗೆ ಎಲೆಕ್ಷನ್ನೇ ಮಾಡ್ತಿದೀವಿ, ಹುಡುಗ್ರು ಆಗ್ಲೇ ಮ್ಯಾನಿಫೆಸ್ಟೋ ಬರೀತಾ ಕೂತಿದಾರೆ ಅಂದ್ರು. ಅದನ್ನ ಕೇಳಿದ್ಮೇಲೆ ಬೇರೆ ಏನೂ ಬರೆಯೋಕೆ ಮನಸ್ಸೇ ಬರ್ಲಿಲ್ಲ. ನಾವು ಓದೋವಾಗ ಕ್ಲಾಸ್ ರೆಪ್ ಯಾರಾಗ್ಬೇಕು ಅಂತ ಮಾರ್ಕ್ಸ್ ನೋಡಿ ಲೆಕ್ಚರರ್ಸೇ ಹೇಳ್ತಿದ್ರು, ಯಾರೂ ಯಾರಿಗೂ ಏನೂ ಭರವಸೆ ಕೊಡ್ಬೇಕಾಗಿರ್ಲಿಲ್ಲ, ಕೊಟ್ಟಿದ್ದು ಏನಾಯ್ತು ಅಂತ ಕೇಳೋ ಪ್ರಶ್ನೇನೂ ಇರ್ಲಿಲ್ಲ. ನಾನು ಮೊದಲ್ನೇ ಸಲ ಸ್ಟೂಡೆಂಟ್ ಯೂನಿಯನ್ ಎಲೆಕ್ಷನ್ ಅಂದ್ರೇನು ಅಂತ ನೋಡಿದ್ದು ಡಿಗ್ರಿ ಮುಗಿಸಿ 2012ರಲ್ಲಿ ಎಂಎ ಓದೋಕೆ ಹೊರರಾಜ್ಯದ ಒಂದು ಸೆಂಟ್ರಲ್ ಯೂನಿವರ್ಸಿಟಿಗೆ ಹೋದಾಗ. ಅಲ್ಲಿನ ಎರಡು ಎಲೆಕ್ಷನ್ ಬಗ್ಗೆನೇ ಬರೀತೀನಿ, ಮ್ಯಾನಿಫೆಸ್ಟೋ ಬರೀತಾ ಕೂತಿರೋರು ಓದ್ಲಿ ಅಂತ.

ಅಡ್ಮಿಷನ್ ಆಗಿ ಇನ್ನೂ ಎರಡು ತಿಂಗಳಾಗಿರ್ಲಿಲ್ಲ, ಕ್ಯಾಂಪಸ್ ತುಂಬ ಪೋಸ್ಟರ್. ಪ್ರಿಂಟ್ ಹಾಕಿಸಿದ್ದು ಒಂದೂ ಇರ್ಲಿಲ್ಲ, ಎಲ್ಲಾ ಕೈಯಲ್ಲೇ ಬರ್ದಿದ್ದು, ಯಾಕಂದ್ರೆ ಸ್ಟೂಡೆಂಟ್ ಎಲೆಕ್ಷನ್ ಹೇಗೆ ನಡೀಬೇಕು ಅಂತ ಹೇಳೋ ಲಿಂಗ್ಡೋ ಕಮಿಟಿ ರೂಲ್ಸ್ ಪ್ರಕಾರ ಪ್ರಿಂಟ್ ಮಾಡಿದ ಪೋಸ್ಟರ್ ಹಾಕೋ ಹಾಗಿಲ್ಲ, ಒಬ್ಬ ಕ್ಯಾಂಡಿಡೇಟ್ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡೋ ಹಾಗೂ ಇಲ್ಲ. ನಂಗೆ ಅದು ತುಂಬಾ ಇಷ್ಟ ಆಗಿತ್ತು. ರಾತ್ರಿ ಎಲ್ಲಾ ಕೂತು ಬ್ರಷ್ ಹಿಡ್ಕೊಂಡು ಬರೆಯೋ ಹುಡುಗ್ರನ್ನ ನೋಡಿದ್ರೆ ಇವ್ರು ಖಂಡಿತ ಏನಾದ್ರೂ ಮಾಡ್ತಾರೆ ಅನ್ನಿಸ್ತಿತ್ತು. ನಾಲ್ಕು ಪ್ಯಾನೆಲ್, ಅಂದ್ರೆ ಒಟ್ಟಿಗೆ ಸೇರಿ ನಿಲ್ಲೋ ಕ್ಯಾಂಡಿಡೇಟ್‌ಗಳ ಗುಂಪು, ನಿಂತಿದ್ವು, ಅದ್ರಲ್ಲಿ ಮೂರು ಪ್ಯಾನೆಲ್‌ನವರ ಪೋಸ್ಟರ್ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇದ್ದಿದ್ದು ಒಂದೇ ಮಾತು, 24 ಗಂಟೆ ಲೈಬ್ರರಿ.

ಎಲೆಕ್ಷನ್‌ಗೆ ಎರಡು ದಿನ ಮುಂಚೆ ರಾತ್ರಿ ಡಿಬೇಟ್ ಇತ್ತು, ಜೆಎನ್‌ಯುನಲ್ಲಿ ಪ್ರೆಸಿಡೆನ್ಷಿಯಲ್ ಡಿಬೇಟ್ ಅಂತ ನಡೆಯತ್ತಲ್ಲ ಆ ತರದ್ದೇ, ಕ್ಯಾಂಡಿಡೇಟ್‌ಗಳು ಮಾತಾಡಿದ್ಮೇಲೆ ಯಾರ್ ಬೇಕಾದ್ರೂ ಎದ್ದು ಕೇಳ್ಬಹುದು. ನಮ್ ಡಿಪಾರ್ಟ್‌ಮೆಂಟಲ್ಲಿ ಪಿಎಚ್‌ಡಿ ಮಾಡ್ತಿದ್ದ ಕನ್ನಡದವರೇ ಒಬ್ರು ಇದ್ರು, ನಾನು ಅವ್ರನ್ನ ಅಕ್ಕ ಅಂತಿದ್ದೆ. ಅಕ್ಕ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ್ರು: ನಮ್ ಲೇಡೀಸ್ ಹಾಸ್ಟೆಲ್ ಗೇಟು ರಾತ್ರಿ 9:30ಕ್ಕೆ ಹಾಕ್ತಾರೆ, ನೀವು ಲೈಬ್ರರಿ 24 ಗಂಟೆ ತೆಗೆಸ್ತೀರಿ, ಯಾರಿಗೆ?

ಅಲ್ಲಿ ತನಕ ನನ್ನ ತಲೇಲಿ ಆ ವಿಷ್ಯ ಒಂದ್ಸಲಾನೂ ಬಂದಿರ್ಲಿಲ್ಲ. ನನ್ನ ಹಾಸ್ಟೆಲ್‌ಗೆ ಗೇಟ್ ಟೈಮಿಂಗ್ ಅಂತ ಒಂದಿದೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ಯಾರೂ ಅದನ್ನ ಪಾಲಿಸ್ತಿರ್ಲಿಲ್ಲ. ವೇದಿಕೆ ಮೇಲಿದ್ದ ಕ್ಯಾಂಡಿಡೇಟ್ ಒಳ್ಳೆ ಮಾತುಗಾರ, ಒಂದು ಕ್ಷಣ ತಡೆದು, ಅದಕ್ಕೂ ಹೋರಾಡ್ತೀವಿ ಅಂದ. ಜೋರು ಚಪ್ಪಾಳೆ. ನಾನೂ ಹೊಡೆದೆ. ಅಕ್ಕ ಮಾತ್ರ ಕೂತ್ಕೊಳ್ದೇ, ಮೊದಲು ಯಾರಿಗೆ ಅರ್ಜಿ ಕೊಡ್ತೀರಿ ಅಂತ ಮತ್ತೆ ಕೇಳಿದ್ರು, ಅಷ್ಟ್ರಲ್ಲಿ ಟೈಮ್ ಆಯ್ತು ಅಂತ ಮೈಕು ಮುಂದಿನೋರಿಗೆ ಹೋಯ್ತು. ಆ ಹುಡುಗನೇ ಗೆದ್ದ, ನನ್ನ ಓಟೂ ಅವನಿಗೇ ಬಿದ್ದಿತ್ತು.

ಸೆಪ್ಟೆಂಬರ್ ಹೋಯ್ತು, ಡಿಸೆಂಬರ್ ಎಕ್ಸಾಮ್ ಆಯ್ತು, ಲೈಬ್ರರಿ ಎಂಟು ಗಂಟೆಗೆ ಬಾಗಿಲು ಹಾಕೋದು ಹಾಗೇ ಮುಂದುವರೀತು. ಕೇಳಿದ್ರೆ ಅಡ್ಮಿನಿಸ್ಟ್ರೇಷನ್ ಒಪ್ತಿಲ್ಲ ಅನ್ನೋ ಉತ್ತರ. ಫೆಬ್ರವರಿಯಲ್ಲಿ ಅಕ್ಕ, ಬಾರೋ ಒಂದು ಆರ್‌ಟಿಐ ಹಾಕೋಣ ಅಂದ್ರು. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಸೆಂಟ್ರಲ್ ಯೂನಿವರ್ಸಿಟಿನೂ ಪಬ್ಲಿಕ್ ಅಥಾರಿಟಿನೇ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಿದ್ರೆ 30 ದಿನದೊಳಗೆ ಉತ್ತರ ಕೊಡ್ಬೇಕು. ನಾವು ಕೇಳಿದ್ದು ಇಷ್ಟೇ, ಈ ಎರಡು ವರ್ಷದಲ್ಲಿ ಲೈಬ್ರರಿ ಸಮಯ ಜಾಸ್ತಿ ಮಾಡಿ ಅಂತ ಯೂನಿಯನ್‌ನಿಂದ ಬಂದ ಮನವಿಗಳ ಕಾಪಿ ಕೊಡಿ, ಅದ್ರ ಮೇಲೆ ಏನ್ ಕ್ರಮ ತಗೊಂಡ್ರಿ ಹೇಳಿ. ಉತ್ತರ ಬಂದಿದ್ದು ಒಂದೂವರೆ ಸಾಲು. ಅಂಥ ಯಾವುದೇ ಲಿಖಿತ ಮನವಿ ಈ ಕಚೇರಿಗೆ ಬಂದಿರೋದಿಲ್ಲ.

ಆ ಹಾಳೆ ಹಿಡ್ಕೊಂಡು ನಿಂತಾಗ ಆದ ಬೇಜಾರು ನಂಗೆ ಇವತ್ತಿಗೂ ಹಾಗೇ ನೆನಪಿದೆ. ಅಡ್ಮಿನಿಸ್ಟ್ರೇಷನ್ ಇಲ್ಲ ಅಂದಿದ್ರೆ ಅದೊಂದು ಮಾತು, ಜಗಳ ಆಡ್ಬಹುದಿತ್ತು. ಆದ್ರೆ ಎರಡು ವರ್ಷ ಎರಡು ಯೂನಿಯನ್ನು ಇದೇ ಭರವಸೆ ಕೊಟ್ಟು ಗೆದ್ದು ಒಂದು ಹಾಳೆ ಅರ್ಜಿನೂ ಕೊಟ್ಟಿರ್ಲಿಲ್ಲ.

ಸಿಟ್ಟಲ್ಲೇ ಹೋಗಿ ಆ ಪ್ರೆಸಿಡೆಂಟ್ ಹುಡುಗನ್ನ ಹಿಡಿದೆ. ಅವನು ಜಾರಿಕೊಳ್ಳಲಿಲ್ಲ, ಕೂತ್ಕೊಂಡು ಮಾತಾಡ್ದ, ಅದಕ್ಕೆ ಈಗ್ಲೂ ಅವನ ಮೇಲೆ ಗೌರವ ಇದೆ. ನಾಮಿನೇಷನ್‌ನಿಂದ ರಿಸಲ್ಟ್ ತನಕ ಎಲ್ಲಾ 10 ದಿನದಲ್ಲಿ ಮುಗೀಬೇಕು, ಮ್ಯಾನಿಫೆಸ್ಟೋ ನಾವು ಬರೆದಿದ್ದು ಎರಡು ರಾತ್ರೀಲಿ, ಹಿಂದಿನ ವರ್ಷದವರು ಏನು ಬರೆದಿದ್ರೋ ಅದನ್ನೇ ನೋಡ್ಕೊಂಡು ಬರೆದ್ವಿ, ಗೆದ್ದ ಮೇಲೆ ಲೈಬ್ರರಿ ವಿಷ್ಯ ಯಾರ ಹತ್ರ ಮಾತಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ, ವಿಸಿ ಹತ್ರ ಬಾಯ್ಮಾತಲ್ಲಿ ಹೇಳಿದೆ, ನೋಡೋಣ ಅಂದ್ರು, ಅಲ್ಲಿಗೆ ನಿಂತ್ಹೋಯ್ತು ಅಂದ. ಅವನು ಸುಳ್ಳು ಹೇಳೋಕೆ ಅಂತ ಸುಳ್ಳು ಹೇಳಿದೋನಲ್ಲ. ಒಂದು ಯೂನಿವರ್ಸಿಟಿ ಒಳಗೆ ಒಂದು ಬಾಗಿಲು ರಾತ್ರಿ ತೆರೆದಿರ್ಬೇಕಾದ್ರೆ ಎಷ್ಟು ಜನರ ಸಹಿ ಬೇಕು ಅಂತ ಅವನಿಗೂ ಗೊತ್ತಿರ್ಲಿಲ್ಲ, ಓಟು ಹಾಕಿದ ನಮಗೂ ಗೊತ್ತಿರ್ಲಿಲ್ಲ.

ಆಮೇಲೆ ನಾನು ಆ ಲಿಂಗ್ಡೋ ಕಮಿಟಿ ರಿಪೋರ್ಟನ್ನ ಕೂತು ಓದಿದೆ. ಹಿಂದೆ ಚೀಫ್ ಎಲೆಕ್ಷನ್ ಕಮಿಷನರ್ ಆಗಿದ್ದ ಜೆ. ಎಂ. ಲಿಂಗ್ಡೋ ಅದಕ್ಕೆ ಅಧ್ಯಕ್ಷರು, 2006ರ ಮೇನಲ್ಲಿ ರಿಪೋರ್ಟ್ ಕೊಟ್ರು, ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಸುಪ್ರೀಂ ಕೋರ್ಟು ಇದನ್ನ ಜಾರಿ ಮಾಡಿ ಅಂತ ಆರ್ಡರ್ ಮಾಡ್ತು. ಕ್ಯಾಂಪಸ್ಸಲ್ಲಿ ದುಡ್ಡು, ಹೊಡೆದಾಟ, ಹೊರಗಿನವರ ಕೈವಾಡ ಕಮ್ಮಿ ಮಾಡ್ಬೇಕು ಅಂತ ಮಾಡಿದ್ದು, ಅದ್ರಲ್ಲಿ ತುಂಬ ಒಳ್ಳೇದಿದೆ. ಮಾರ್ಕ್ಸ್ ನೋಡಿಯೋ ಮತ್ಯಾವ ತರಾನೋ ನಾಮಿನೇಟ್ ಮಾಡೋದು ತಾತ್ಕಾಲಿಕ ವ್ಯವಸ್ಥೆ ಮಾತ್ರ, ಕೊನೆಗೆ ಎಲೆಕ್ಷನ್‌ಗೇ ಬರ್ಬೇಕು ಅಂತಲೂ ಅದ್ರಲ್ಲೇ ಇದೆ. ಆದ್ರೆ ನನ್ನ ಕಣ್ಣು ನಿಂತಿದ್ದು ಒಂದು ರೂಲ್ ಮೇಲೆ. ಪದಾಧಿಕಾರಿ ಸ್ಥಾನಕ್ಕೆ ಒಬ್ಬ ಸ್ಟೂಡೆಂಟ್ ಜೀವನದಲ್ಲಿ ಒಂದೇ ಸಲ ನಿಲ್ಬಹುದು, ಎಕ್ಸಿಕ್ಯೂಟಿವ್ ಮೆಂಬರ್ ಆಗೋಕೆ ಎರಡು ಸಲ. ಅಂದ್ರೆ ಪ್ರೆಸಿಡೆಂಟ್ ಆದೋನು ತಿರುಗಿ ಓಟು ಕೇಳೋಕೆ ನಮ್ಮ ಮುಂದೆ ಬರೋದೇ ಇಲ್ಲ. ಊರಲ್ಲಿ ಎಂಎಲ್ಎ ಆದ್ರೂ ಐದು ವರ್ಷ ಆದ್ಮೇಲೆ ಮತ್ತೆ ಬಾಗಿಲಿಗೆ ಬರ್ಬೇಕಲ್ಲ, ಅದೂ ಇಲ್ಲಿಲ್ಲ. ಇನ್ನೊಂದು, ಎಲೆಕ್ಷನ್ ನಡೀಬೇಕಾಗಿರೋದು ಕ್ಲಾಸ್ ಶುರುವಾಗಿ ಆರರಿಂದ ಎಂಟು ವಾರದೊಳಗೆ. ಎಂಎ ಎರಡೇ ವರ್ಷದ ಕೋರ್ಸು, ಪ್ರತಿ ಎಲೆಕ್ಷನ್‌ಗೂ ನಮ್ಮಂಥವ್ರಲ್ಲಿ ಅರ್ಧಕ್ಕರ್ಧ ಜನ ಹೊಸಬ್ರು, ಅವ್ರಿಗೆ ಹೋದ ವರ್ಷ ಯಾರು ಏನು ಹೇಳಿದ್ರು ಅಂತ ಗೊತ್ತಿರೋಕೆ ಸಾಧ್ಯಾನೇ ಇಲ್ಲ. ಹೇಳ್ದೋನು ವಾಪಸ್ ಬರಲ್ಲ, ಕೇಳಿಸ್ಕೊಂಡೋರು ಕೋರ್ಸ್ ಮುಗಿಸಿ ಹೋಗಿರ್ತಾರೆ. ಹಾಗಾಗಿ ಅದೇ 24 ಗಂಟೆ ಲೈಬ್ರರಿ ಪ್ರತಿ ವರ್ಷ ಹೊಸದಾಗಿ ಹುಟ್ಟತ್ತೆ.

ಇದು ಅರ್ಥ ಆದ್ಮೇಲೆ 2013ರ ಎಲೆಕ್ಷನ್‌ಗೆ ನಾನು, ಅಕ್ಕ, ಇನ್ನೊಂದಿಬ್ರು ಫ್ರೆಂಡ್ಸು ಸೇರಿ ಒಂದು ಕೆಲಸ ಮಾಡಿದ್ವಿ. ಎಲ್ಲಾ ಪ್ಯಾನೆಲ್‌ಗಳ ಭರವಸೆಗಳನ್ನ ಚಾರ್ಟ್ ಪೇಪರ್ ಮೇಲೆ ಬರೆದು ಪಕ್ಕದಲ್ಲಿ ಎರಡು ಕಾಲಮ್ ಹಾಕಿದ್ವಿ, ಹೋದ ವರ್ಷ ಇದನ್ನ ಯಾರಾದ್ರೂ ಹೇಳಿದ್ರಾ, ಇದಕ್ಕೆ ಯಾರ ಸಹಿ ಬೇಕು. ಆ ಎರಡನೇ ಕಾಲಮ್‌ಗೋಸ್ಕರ ಒಂದು ವಾರ ಆಫೀಸ್‌ನಿಂದ ಆಫೀಸ್‌ಗೆ ಅಲೆದ್ವಿ. ಮೆಸ್ ಬಿಲ್ ಕಮ್ಮಿ ಮಾಡಿಸ್ತೀವಿ ಅಂತ ಇಬ್ರು ಬರೆದಿದ್ರು. ನಮ್ ಮೆಸ್ ನಡೀತಿದ್ದಿದ್ದು ಡಿವೈಡಿಂಗ್ ಸಿಸ್ಟಮ್ ಮೇಲೆ, ತಿಂಗಳ ಒಟ್ಟು ಖರ್ಚನ್ನ ಊಟ ಮಾಡಿದೋರ ಲೆಕ್ಕಕ್ಕೆ ಹಂಚೋದು, ಅಲ್ಲಿ ಕಮ್ಮಿ ಮಾಡ್ಸೋಕೆ ವಿಸಿ ಹತ್ರ ಕೇಳೋದು ಏನೂ ಇಲ್ಲ, ರೇಷನ್ ತರೋ ಪರ್ಚೇಸ್ ಕಮಿಟಿಲಿ ನಾವೇ ಕೂತು ಲೆಕ್ಕ ನೋಡ್ಬೇಕು, ಆ ಕಮಿಟಿಗೆ ಹುಡುಗ್ರೇ ಬರಲ್ಲ ಅಂತ ಮೆಸ್ ಮ್ಯಾನೇಜರ್ ಹೇಳಿದ್ರು. ಅಟೆಂಡೆನ್ಸ್ ಶಾರ್ಟೇಜ್ ಇರೋರಿಗೆಲ್ಲ ಮಾಫಿ ಮಾಡಿಸ್ತೀನಿ ಅಂತ ಒಬ್ಬ ಬರೆದಿದ್ದ, ಕ್ಯಾಂಡಿಡೇಟ್ ಆಗಿ ನಿಲ್ಲೋಕೇ 75 ಪರ್ಸೆಂಟ್ ಅಟೆಂಡೆನ್ಸ್ ಇರ್ಬೇಕು ಅನ್ನೋ ರೂಲ್ ಇಟ್ಕೊಂಡು ಅದನ್ನ ಹೇಗೆ ಬರೆದ ಅಂತ ನಂಗೆ ಈಗ್ಲೂ ಅರ್ಥ ಆಗಿಲ್ಲ.

ಚಾರ್ಟು ಮೆಸ್ ಗೋಡೆ ಮೇಲೆ ಅಂಟಿಸಿದ ಅರ್ಧ ಗಂಟೇಲಿ ಗಲಾಟೆ ಶುರು. ನೀವು ಯಾವ ಪ್ಯಾನೆಲ್ ಪರ ಅಂತ ಎಲ್ಲಾ ಪ್ಯಾನೆಲ್‌ನವರೂ ಕೇಳಿದ್ರು, ಎಲೆಕ್ಷನ್ ನೋಡ್ಕೊಳ್ತಿದ್ದ ಪ್ರೊಫೆಸರ್ ಕರೆಸಿದ್ರು. ಅಕ್ಕ ಅದೇ ರಿಪೋರ್ಟ್ ತೆಗೆದು ತೋರಿಸಿದ್ರು: ಟೀಕೆ ಮಾಡೋದಾದ್ರೆ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸ ಇವುಗಳ ಮೇಲೆ ಮಾತ್ರ ಮಾಡ್ಬೇಕು, ಯಾರ ವೈಯಕ್ತಿಕ ಜೀವನದ ಬಗ್ಗೆನೂ ಮಾತಾಡ್ಬಾರ್ದು ಅಂತ ಕೋಡ್ ಆಫ್ ಕಂಡಕ್ಟಲ್ಲೇ ಇದೆ ಸರ್, ನಾವು ಮಾಡಿರೋದು ಅಷ್ಟೇ. ಚಾರ್ಟು ಗೋಡೆ ಮೇಲೇ ಉಳೀತು.

ಆದ್ರೆ ಅವತ್ತು ನಮ್ಮನ್ನ ನಿಜವಾಗ್ಲೂ ತಡೆದು ನಿಲ್ಸಿದ್ದು ಕ್ಯಾಂಡಿಡೇಟ್ ಯಾರೂ ಅಲ್ಲ. ಫೀಸ್ ಏರಿಕೆ ವಾಪಸ್ ತೆಗೆಸ್ತೀವಿ ಅನ್ನೋ ಭರವಸೆ ಮುಂದೆ ನಾವು, ಇದು ಯೂನಿವರ್ಸಿಟಿಯ ಫೈನಾನ್ಸ್ ಕಮಿಟಿ ಮತ್ತು ಎಕ್ಸಿಕ್ಯೂಟಿವ್ ಕೌನ್ಸಿಲ್ ಕೈಲಿದೆ, ಯೂನಿಯನ್‌ಗೆ ಸಾಧ್ಯ ಇಲ್ಲ ಅಂತ ಬರೆದಿದ್ವಿ. ಜೂನಿಯರ್ ಒಬ್ಬ, ಅವನ ಸ್ಕಾಲರ್‌ಶಿಪ್ ಆರು ತಿಂಗಳಿಂದ ಬಂದಿರ್ಲಿಲ್ಲ, ಚಾರ್ಟ್ ಓದಿ ನನ್ನ ಹತ್ರ ಬಂದು ಮೆತ್ತಗೆ ಕೇಳ್ದ, ಅಣ್ಣ, ಸಾಧ್ಯ ಇಲ್ಲ ಅಂತ ನೀವೇ ಬರೆದುಬಿಟ್ರೆ ನಾವು ಕೇಳೋದೇ ಬೇಡ್ವಾ? ನಂಗೆ ಉತ್ತರ ಬರ್ಲಿಲ್ಲ. ಅವನು ಹೇಳಿದ್ದು ಸರಿ ಇತ್ತು. ಸಹಿ ಯಾರದ್ದು ಅಂತ ಹೇಳೋದು ಬೇರೆ, ಆಗಲ್ಲ ಅಂತ ತೀರ್ಪು ಕೊಡೋದು ಬೇರೆ, ನಾವು ಗೊತ್ತಿಲ್ದೇ ಆಫೀಸ್‌ನವರು ಆಡೋ ಮಾತನ್ನೇ ಗೋಡೆಗೆ ಅಂಟಿಸಿದ್ವಿ. ಅವತ್ತು ರಾತ್ರಿನೇ ಆ ಸಾಲು ಹೊಡೆದು ಹಾಕಿ ಬೇರೆ ಬರೆದ್ವಿ, ತೆಗೆಸ್ತೀವಿ ಅನ್ನೋ ಅಧಿಕಾರ ಯೂನಿಯನ್‌ಗಿಲ್ಲ, ತೆಗೆಯಿರಿ ಅಂತ ಕೌನ್ಸಿಲ್ ಮೀಟಿಂಗ್ ಮುಂಚೆ ಬರೆದು ಕೊಡೋ, ಹೊರಗೆ ನಿಂತು ಕೇಳೋ ಹಕ್ಕಿದೆ, ಯಾವ ತಾರೀಕು ಹೋಗ್ತೀರಿ ಅಂತ ಕ್ಯಾಂಡಿಡೇಟ್‌ಗಳನ್ನ ಕೇಳಿ. ಭರವಸೆ ದೊಡ್ಡದಿದ್ರೆ ತಪ್ಪಿಲ್ಲ. ಗೆಲ್ತೀವೋ ಇಲ್ವೋ ಗೊತ್ತಿಲ್ಲ, ಜಗಳ ಆಡ್ತೀವಿ ಅಂತ ನೇರವಾಗಿ ಹೇಳೋ ಕ್ಯಾಂಡಿಡೇಟ್‌ಗೆ ನಾನು ಈಗ್ಲೂ ಓಟು ಹಾಕ್ತೀನಿ.

ಆ ವರ್ಷ ಎಕ್ಸಿಕ್ಯೂಟಿವ್ ಮೆಂಬರ್ ಸ್ಥಾನಕ್ಕೆ ನಿಂತಿದ್ದ ಒಬ್ಬಳು ಹುಡುಗಿ ಚಾರ್ಟ್ ನೋಡಿ ಅಕ್ಕನ ರೂಮಿಗೆ ಬಂದು, ಲೈಬ್ರರಿಗೆ ಯಾರ ಸಹಿ ಬೇಕು ಪೂರ್ತಿ ಹೇಳಿ ಅಂತ ಕೇಳಿದ್ಲಂತೆ. ಲೈಬ್ರರಿ ಕಮಿಟಿ ಒಪ್ಬೇಕು, ರಾತ್ರಿ ಶಿಫ್ಟ್‌ಗೆ ಸ್ಟಾಫು ಮತ್ತೆ ಸೆಕ್ಯೂರಿಟಿ ಬೇಕು, ಅದಕ್ಕೆ ದುಡ್ಡು ಬಿಡುಗಡೆ ಆಗ್ಬೇಕು, ಎಲ್ಲಕ್ಕಿಂತ ಮೊದ್ಲು ಲೇಡೀಸ್ ಹಾಸ್ಟೆಲ್ ಗೇಟಿಗೆ ಚೀಫ್ ವಾರ್ಡನ್ ಸಹಿ ಬೇಕು. ಅವಳು ತನ್ನ ಪೋಸ್ಟರ್ ಹರಿದು ಹೊಸದು ಬರೆದಳು. ಅದ್ರಲ್ಲಿದ್ದಿದ್ದು ಎರಡೇ ಸಾಲು, ಗೆದ್ದ ಮೊದಲ್ನೇ ವಾರ ಲೈಬ್ರರಿಗೊಂದು ಚೀಫ್ ವಾರ್ಡನ್‌ಗೊಂದು ಅರ್ಜಿ ಕೊಡ್ತೀನಿ, ಎರಡರ ಇನ್‌ವರ್ಡ್ ನಂಬರ್ (ಅರ್ಜಿ ಬಂತು ಅಂತ ಆಫೀಸ್‌ನವರು ಹಾಕೋ ನಂಬರು) ನೋಟಿಸ್ ಬೋರ್ಡಿಗೆ ಹಾಕ್ತೀನಿ. ಇಷ್ಟಕ್ಕೆ ಯಾರು ಓಟು ಹಾಕ್ತಾರೆ ಅಂತ ಅವಳ ಪ್ಯಾನೆಲ್‌ನವರೇ ಬೈದ್ರು. ತುಂಬಾ ಕಮ್ಮಿ ಅಂತರದಲ್ಲಿ ಗೆದ್ಲು, ಅವಳಿಗೆ ಓಟು ಬಿದ್ದಿದ್ದು ಜಾಸ್ತಿ ಲೇಡೀಸ್ ಹಾಸ್ಟೆಲ್‌ನಿಂದ ಅಂತ ಅಕ್ಕ ಹೇಳ್ತಿದ್ರು.

24 ಗಂಟೆ ಲೈಬ್ರರಿ ನಾನಿರೋ ತನಕ ಆಗ್ಲಿಲ್ಲ. ಆಗಿದ್ದು ಏನಂದ್ರೆ, ನನ್ನ ಕೊನೇ ಸೆಮಿಸ್ಟರ್‌ನಲ್ಲಿ ಎಕ್ಸಾಮ್ ಇದ್ದ ತಿಂಗಳು ಪೂರ್ತಿ ರೀಡಿಂಗ್ ರೂಮು ರಾತ್ರಿ 12ರ ತನಕ ತೆಗೆದಿತ್ತು, ಲೇಡೀಸ್ ಹಾಸ್ಟೆಲ್ ಗೇಟಲ್ಲಿ ರಿಜಿಸ್ಟರ್ ಇಟ್ಟು ಸಹಿ ಮಾಡಿ 12:15ರ ತನಕ ಒಳಗೆ ಬರಬಹುದು ಅಂತ ಸರ್ಕ್ಯುಲರ್ ಬಂತು. ಮೊದಲ್ನೇ ದಿನ ಹತ್ತೂವರೆಗೆ ನಾನು ಒಳಗೆ ಹೋದಾಗ ಕೂತ್ಕೊಳ್ಳೋಕೆ ಜಾಗ ಹುಡುಕ್ಬೇಕಾಯ್ತು, ಅಕ್ಕ ಕಿಟಕಿ ಪಕ್ಕ ಥೀಸಿಸ್ ಹರಡ್ಕೊಂಡು ಕೂತಿದ್ರು, ತಲೆ ಎತ್ತಿ ನೋಡಿ ಪಕ್ಕದ ಕುರ್ಚಿ ಮೇಲಿದ್ದ ಬ್ಯಾಗ್ ತೆಗೆದ್ರು. ಹೊರಗೆ ಯೂನಿಯನ್ ನೋಟಿಸ್ ಬೋರ್ಡ್ ಮೇಲೆ ಆ ಎರಡು ಅರ್ಜಿಯ ಜೆರಾಕ್ಸು ಇನ್ನೂ ಇತ್ತು, ಬಿಸಿಲಿಗೆ ಹಳದಿ ತಿರುಗಿತ್ತು, ಮೂಲೆಯಲ್ಲಿ ಆಫೀಸ್ ಸೀಲು, ಅದ್ರ ಕೆಳಗೆ ನೀಲಿ ಇಂಕಲ್ಲಿ ಬರೆದ ಇನ್‌ವರ್ಡ್ ನಂಬರು ಮಾತ್ರ ಸ್ಪಷ್ಟವಾಗಿ ಕಾಣ್ತಿತ್ತು.