ಮಾತ್ರೆ ಪಟ್ಟಿಯನ್ನು ಮೋರಿಗೆ ಎಸೆಯುವ ಮುನ್ನ

ಪಿಯುಸಿ ಓದುವ ಮಗನ ಬ್ಯಾಗಿನಲ್ಲಿ ನಶೆಗೆಂದು ನುಂಗುವ ಮಾತ್ರೆಯ ಪಟ್ಟಿ (ಸ್ಟ್ರಿಪ್) ಸಿಕ್ಕಿದ ದಿನ ಎರಡೇಟು ಬಿಗಿದು, ಪಟ್ಟಿಯನ್ನು ಮೋರಿಗೆಸೆದು, ರೂಮಿನ ಚಿಲಕ ಹಾಕಿಬಿಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿ. ಹೆಸರಿನ ಎಡಗಡೆ ಕೆಂಪಕ್ಷರದಲ್ಲಿ ‘ಎನ್‌ಆರ್‌ಎಕ್ಸ್’ (NRx) ಎಂದಿದ್ದರೆ ಅದು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಮಾತ್ರೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಹತ್ತರಲ್ಲಿ ಎಷ್ಟು ಖಾಲಿ, ದಿನಕ್ಕೆಷ್ಟು, ಎಷ್ಟು ತಿಂಗಳಿಂದ, ಕೊನೆಯದನ್ನು ನುಂಗಿದ್ದು ಯಾವಾಗ, ಎಲ್ಲವನ್ನೂ ಬರೆದಿಡಿ. ಡಾಕ್ಟರು ಕೇಳುವುದೇ ಇದನ್ನು. ಬೈದು ಕೇಳಿದರೆ ಹುಡುಗ ಆರನ್ನು ಎರಡು ಅನ್ನುತ್ತಾನೆ. ಚಿಕಿತ್ಸೆಯ ಲೆಕ್ಕ ಅಲ್ಲೇ ತಪ್ಪುತ್ತದೆ.

ಆಲ್ಪ್ರಜೋಲಂ, ನೈಟ್ರಜೆಪಂ ಥರದ ನಿದ್ದೆ ಮಾತ್ರೆಗಳನ್ನು ವಾರಗಟ್ಟಲೆ ದಿನಾ ನುಂಗಿದವರು ಒಂದೇ ಸಲಕ್ಕೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೆದುಳನ್ನು ಶಾಂತವಾಗಿಡುವ ಕೆಲಸವನ್ನು ಅಷ್ಟು ದಿನ ಮಾತ್ರೆಯೇ ಮಾಡಿರುತ್ತದೆ. ಮೆದುಳು ಅದನ್ನು ತಾನೇ ಮಾಡಿಕೊಳ್ಳಲು ಮತ್ತೆ ಕಲಿಯಬೇಕು. ಆದ್ದರಿಂದ ಮನೋವೈದ್ಯರು ಎಷ್ಟೋ ಸಲ ನಿಧಾನವಾಗಿ ಕೆಲಸ ಮಾಡುವ ಡಯಜೆಪಂಗೆ ಬದಲಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತಾರೆ. ದಿನಕ್ಕೆ 10 ಮಿಲಿಗ್ರಾಂ ಇದ್ದರೆ ಮೊದಲ ಇಳಿತ ಹೆಚ್ಚೆಂದರೆ 1 ಮಿಲಿಗ್ರಾಂ. ಇಲ್ಲಿ ಮನೆಯವರು ಎಡವುವುದು ಬ್ಲೇಡಿನಿಂದ. ಸಣ್ಣ ಮಾತ್ರೆಯನ್ನು ನಾಲ್ಕು ಮಾಡಲು ಹೋದರೆ ಒಂದು ಚೂರು ದಪ್ಪ, ಇನ್ನೊಂದು ಪುಡಿ. ಇವತ್ತು ಹೆಚ್ಚು, ನಾಳೆ ಕಡಿಮೆ, ಹುಡುಗ ರಾತ್ರಿಯೆಲ್ಲ ಬೆವತು ನಡುಗುತ್ತಾನೆ. ಕಡಿಮೆ ಮಿಲಿಗ್ರಾಂ ಮಾತ್ರೆಯನ್ನೇ ಬರೆದುಕೊಡಿ ಎಂದು ಕೇಳಿ. ದಿನದ ಡೋಸನ್ನು ಅಮ್ಮನೋ ಅಪ್ಪನೋ ಕೈಯಾರೆ ಕೊಟ್ಟು, ನೀರು ಕುಡಿಸಿ, ನುಂಗುವವರೆಗೂ ಎದುರಿಗಿರಬೇಕು.

ಟ್ರಮಡಾಲ್, ಟಪೆಂಟಡಾಲ್ ನೋವಿನ ಮಾತ್ರೆಗಳ ಕಥೆ ಬೇರೆ. ಬಿಟ್ಟ ದಿನವೋ ಮಾರನೆ ದಿನವೋ ಆಕಳಿಕೆ, ಮೂಗು ಸೋರುವುದು, ಕಾಲು ಸೆಳೆತ, ಭೇದಿ ಶುರು. ಎರಡು-ಮೂರನೇ ದಿನ ತೀರಾ ಕಷ್ಟ, ವಾರ ಹತ್ತು ದಿನದಲ್ಲಿ ಮೈ ಹಗುರಾಗುತ್ತದೆ. ನಿದ್ದೆ ಸರಿಹೋಗಲು ಮಾತ್ರ ವಾರಗಳು ಬೇಕು. ಭೇದಿಗೆ ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ರಾಗಿ ಗಂಜಿ, ನೀರು ಮಜ್ಜಿಗೆ ಸಾಕು, ಮುದ್ದೆಗೆ ಬಲವಂತ ಬೇಡ. ನೋವು ತಗ್ಗಿಸಲು ಔಷಧಗಳಿವೆ, ಹುಡುಗ ಹಲ್ಲು ಕಚ್ಚಿ ಸಹಿಸಲೇಬೇಕೆಂದಿಲ್ಲ.

ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನ ಮನೋವೈದ್ಯ ವಿಭಾಗವಿದೆ. ಹೊರಡುವ ಮೊದಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಉತ್ತರಿಸುತ್ತಾರೆ. ಹದಿನೆಂಟು ತುಂಬದವರನ್ನು ದಾಖಲಿಸಿದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೊಡ್ಡವರಿಂದ ಪ್ರತ್ಯೇಕವಾಗಿಡಬೇಕು, ಮನೆಯವರೊಬ್ಬರೋ ಅವರು ನೇಮಿಸಿದವರೋ ಇಡೀ ಅವಧಿ ಜೊತೆಗಿರಬೇಕು. ‘ಮಗುವನ್ನು ಬಿಟ್ಟುಹೋಗಿ, ಮೂರು ತಿಂಗಳು ಬರಬೇಡಿ’ ಎನ್ನುವ ಕೇಂದ್ರದ ಬಾಗಿಲಿಂದಲೇ ವಾಪಸ್ ಬನ್ನಿ.

ಮನೆಯೊಳಗಿನ ದಾಸ್ತಾನನ್ನೂ ನೋಡಿ. ಅಜ್ಜಿಯ ನಿದ್ದೆ ಮಾತ್ರೆ ಕನ್ನಡಿ ಬೀರುವಿನಲ್ಲಿದ್ದರೆ ಬೀಗದೊಳಗೆ ಹೋಗಲಿ, ವಾರಕ್ಕೊಮ್ಮೆ ಎಣಿಸಿ.

ನಮಗೆ ಹೆಚ್ಚು ಭಯ ಮಾತ್ರೆ ಬಿಟ್ಟ ಮೊದಲ ವಾರದ್ದಲ್ಲ, ಎರಡನೇ ತಿಂಗಳದ್ದು. ಅಷ್ಟರಲ್ಲಿ ಮೈ ಹಳೆಯ ಡೋಸನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಒಂದು ಸಂಜೆ ಗೆಳೆಯರ ಜೊತೆ ಮೊದಲಿನಷ್ಟೇ ನುಂಗಿದರೆ ಉಸಿರೇ ನಿಲ್ಲಬಹುದು. ಇದನ್ನು ಹುಡುಗನಿಗೂ ಅವನ ಗೆಳೆಯರಿಗೂ ಮುಚ್ಚುಮರೆಯಿಲ್ಲದೆ ಹೇಳಿ. ಎಬ್ಬಿಸಿದರೂ ಏಳದಿದ್ದರೆ, ಗೊರಗೊರ ಸದ್ದಿನ ನಿಧಾನ ಉಸಿರು, ನೀಲಿಗಟ್ಟಿದ ತುಟಿ ಕಂಡರೆ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಖಾಲಿ ಪಟ್ಟಿ ಸಿಕ್ಕರೆ ಅದನ್ನೂ ಆಂಬುಲೆನ್ಸಿನಲ್ಲಿ ಒಯ್ಯಿರಿ.