ಹನ್ನೆರಡು ಗಂಟೆಯ ಗಂಟೆ

ಶಾಲೆಯಲ್ಲಿ ನಮಗೆ ಧರ್ಮೋಪದೇಶ, ಅಂದರೆ ಕ್ರೈಸ್ತ ಧರ್ಮದ ಪಾಠ, ಕಲಿಸುತ್ತಿದ್ದ ಸಿಸ್ಟರ್ ಕಳೆದ ಆಗಸ್ಟ್ 29ರಂದು ತೀರಿಕೊಂಡರು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಹಬ್ಬದ ಬಾವುಟ ಏರುವ ದಿನ. ಕಾವಿ ಬಟ್ಟೆ ತೊಟ್ಟ ಭಕ್ತರ ನಡುವೆ ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದವರು, ಅದೇ ದಿನ ಹೋದರು.

ಶಾಲೆಯಲ್ಲಿ ಓದಿದ ಪಾಠ ಜಾಸ್ತಿ ನೆನಪಿಲ್ಲ. ಮಧ್ಯಾಹ್ನ 12ರ ಗಂಟೆ ಮಾತ್ರ ಮರೆತಿಲ್ಲ. ಅದು ಕೇಳಿಸಿದ ಕೂಡಲೇ ಬೋರ್ಡಿನ ಮೇಲೆ ಚಾಕ್‌ಪೀಸ್ ನಿಲ್ಲುತ್ತಿತ್ತು, ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆಯ ಜೊತೆ ಹೇಳುವ ತ್ರಿಕಾಲ ಪ್ರಾರ್ಥನೆ. ದೇವದೂತ ಯೇಸುವಿನ ತಾಯಿ ಮರಿಯಮ್ಮನವರಿಗೆ ಸುದ್ದಿ ತಂದದ್ದು, ಆಕೆ ಒಪ್ಪಿದ್ದು, ದೇವರ ವಾಕ್ಯ ಮನುಷ್ಯನಾದದ್ದು. ಒಂದೊಂದಕ್ಕೂ ಒಂದು ನಮೋ ಮರಿಯ, ಮರಿಯಮ್ಮನವರಿಗೆ ಹೇಳುವ ಪುಟ್ಟ ಪ್ರಾರ್ಥನೆ. ಬೇರೆ ಧರ್ಮದ ಮಕ್ಕಳಿಗೆ ಸಿಸ್ಟರ್, "ನಿಮ್ಮನೆ ದೇವರನ್ನ ನೆನೆಸ್ಕೊಳ್ಳಿ, ಸುಮ್ನೆ ನಿಲ್ಲಬೇಡಿ" ಅನ್ನುತ್ತಿದ್ದರು.

7ನೇ ಕ್ಲಾಸಿನಲ್ಲಿ ಒಂದು ದಿನ ಲೆಕ್ಕದ ಟೆಸ್ಟ್ ಇತ್ತು. ನಾನೂ ಪಕ್ಕದ ಬೆಂಚಿನ ಗೆಳೆಯನೂ ನೀರು ಕುಡಿಯುವ ನೆಪ ಹೇಳಿ ಹೊರಬಂದು 11:40ಕ್ಕೇ ಹಗ್ಗ ಎಳೆದುಬಿಟ್ಟೆವು. ಶಾಲೆ ಎದ್ದು ನಿಂತು ಪ್ರಾರ್ಥನೆಯನ್ನೂ ಮುಗಿಸಿತು. ಬೈಗುಳ ಬಿದ್ದದ್ದು ಗಂಟೆ ಹೊಡೆಯುವ ವಾಚ್‌ಮನ್ ತಾತನಿಗೆ, ಅದೂ ಎಲ್ಲರ ಮುಂದೆ. ತಾತ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸಿಸ್ಟರ್ ಹತ್ತಿರ ಎಲ್ಲ ಹೇಳಿ, ಶನಿವಾರ ಪಾಪನಿವೇದನೆ ಮಾಡ್ತೀನಿ ಅಂದೆ. "ಫಾದರ್ ಹತ್ರ ಆಮೇಲೆ. ಮೊದಲು ತಾತನ ಹತ್ರ ಹೋಗು" ಅಂದರು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗು ಅಂತ ಬೈಬಲಿನ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಅದನ್ನು ಓದಿದ್ದು ಎಷ್ಟೋ ವರ್ಷದ ಮೇಲೆ. ಕಲಿತದ್ದು ಗೇಟಿನ ಪಕ್ಕ, ತಾತನ ಸ್ಟೂಲಿನ ಮುಂದೆ.

ತಾತ ಬೈಯಲಿಲ್ಲ. "ನೀವು ಸುಮ್ನೆ ಬಡಿದ್ರಿ ಕಣಪ್ಪಾ, ಕೇಳಿದ ತಕ್ಷಣ ಮಕ್ಕಳ ಕೆಲ್ಸ ಅಂತ ಗೊತ್ತಾಯ್ತು" ಅಂದರು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಒಂದು ತಿಂಗಳು ಸಿಸ್ಟರ್ ನಮ್ಮಿಬ್ಬರನ್ನೂ ಅವರ ಜೊತೆ ಗಂಟೆಗೆ ನಿಲ್ಲಿಸಿದರು. ಮೂರು ಪೆಟ್ಟು, ಒಂದು ನಮೋ ಮರಿಯ ಹೇಳುವಷ್ಟು ಬಿಡುವು. ಮತ್ತೆ ಮೂರು, ಮತ್ತೆ ಮೂರು. ಕೊನೆಗೆ ಒಂಬತ್ತು. ತೆಂಗಿನ ನಾರಿನ ಹಗ್ಗ ಅಂಗೈ ಉರಿಸುತ್ತಿತ್ತು.

ಈಗ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರ ಚರ್ಚಿನಲ್ಲಿ, 18 ವರ್ಷದಿಂದ ಭಾನುವಾರದ ಧರ್ಮೋಪದೇಶ ನನ್ನದೇ. ನನ್ನ ಹತ್ತಿರ ಕಲಿತು ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಮೊದಲ ಪರಮಪ್ರಸಾದವನ್ನು, ತೆಗೆದುಕೊಂಡ ಮಕ್ಕಳು ರಸ್ತೆಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಇವತ್ತು ಎಷ್ಟೋ ಶಾಲೆಗಳಲ್ಲಿ ಮೌಲ್ಯ ಶಿಕ್ಷಣದ ಪೀರಿಯಡ್ಡನ್ನು ಲೆಕ್ಕಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುತ್ತಾರೆ. ಮಧ್ಯಾಹ್ನ ಎರಡು ನಿಮಿಷ ಎದ್ದು ನಿಲ್ಲಲೂ ಪುರುಸೊತ್ತಿಲ್ಲ ಅಂದರೆ ಬೇಜಾರಾಗುತ್ತೆ, ಅಲ್ವಾ?

ಸಿಸ್ಟರ್ ಮಣ್ಣಿಗೆ ಗೆಳೆಯನೂ ಬಂದಿದ್ದ. ಅವನ ಮನೆದೇವರು ಮಾದಪ್ಪ. ಕಾನ್ವೆಂಟಿನ ಚಾಪೆಲ್‌ನಲ್ಲಿ ನನ್ನ ಪಕ್ಕವೇ ಕೂತಿದ್ದ. ಗೋಡೆ ಗಡಿಯಾರದಲ್ಲಿ 12 ಆಯಿತು. ಗಂಟೆ ಬಾರಿಸಲಿಲ್ಲ. ಅವನು ನನಗಿಂತ ಮೊದಲು ಎದ್ದು ನಿಂತ. ಮುಂದಿನ ಬೆಂಚಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟತೊಡಗಿದ. ಮೂರು. ಬಿಡುವು. ಮೂರು.